ಫಕ್ರುನ್ನೀಸಾಳ ಐನೂರ ಹದಿನೈದು ಸಾಲು

ಶಿರಾದ ಫಕ್ರುನ್ನೀಸಾ ನಕಲು ಮಾಡಿದ್ದಾಳೆ ಎಂದು ನಮ್ಮ ಲೆಕ್ಕಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ. ಪುಟ ನಲವತ್ತೊಂದು, ಕೆಳಗಿನಿಂದ ನಾಲ್ಕನೆಯ ಸಾಲು: "ಇನ್ನೊಬ್ಬ ಸದಸ್ಯರ ಬರಹವನ್ನು ಯಥಾವತ್ತಾಗಿ ನಕಲು ಮಾಡಿರುವುದು ಕಂಡುಬಂದ ಕಾರಣ ಶ್ರೀಮತಿ ಫಕ್ರುನ್ನೀಸಾ, ಶಿರಾ, ಇವರ ಎಲ್ಲ ಪುಟಗಳನ್ನು ಕೈಬಿಡಲಾಗಿದೆ." ಎಲ್ಲ ಪುಟಗಳು ಎಂದರೆ ಆರು ವರ್ಷದ ಹದಿನೇಳು ನೋಟ್‌ಬುಕ್ಕು.

ಅದು ಸುಳ್ಳು. ನಾನು ಊಹೆಯಿಂದ ಹೇಳುತ್ತಿಲ್ಲ. ಅವಳ ಪುಟಗಳನ್ನೂ, ಅವಳು ಯಾರದನ್ನು ಕದ್ದಳು ಎನ್ನುತ್ತಾರೋ ಅವನ ಪುಟಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಹೋಲಿಸಿದವಳು ನಾನು. ಲೆಕ್ಕ ಬರೆಯುವ ನಮ್ಮ ಗುಂಪಿನಲ್ಲಿ ನನ್ನ ಕೆಲಸವೇ ಅದು. ಆದ್ದರಿಂದ ಅವಳು ಯಾರು, ಏನು ಮಾಡಿದಳು, ಅವಳಿಗೆ ಏನು ಮಾಡಿದರು ಎಂಬುದನ್ನು ಆದದ್ದು ಆದ ಹಾಗೆ ಬರೆಯುತ್ತೇನೆ.

ಫಕ್ರುನ್ನೀಸಾಳ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅವಳು ಉರ್ದು ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದಳು. ಹದಿನೆಂಟಕ್ಕೆ ನಸ್ರುಲ್ಲಾ ಅವರ ಜೊತೆ ಮದುವೆಯಾಯಿತು. ಅವರು ಹಾಸಿಗೆ ಹೊಲಿಯುವವರು. ಮದುವೆಯಾದ ಮರುವರ್ಷವೇ ಅವಳು ಕಡಲೆಕಾಯಿ ಮಿಲ್ಲಿಗೆ ಬೀಜ ಆರಿಸಲು ಹೋದಳು. ಒಡಕು ಒಂದು ಕಡೆ, ಕಪ್ಪು ಒಂದು ಕಡೆ, ಗಟ್ಟಿ ಬೀಜ ಒಂದು ಕಡೆ. ಮೂವತ್ತೊಂದು ವರ್ಷ ಅದೇ ಕೆಲಸ. ಆಮೇಲೆ ಬೀಜದ ಬಣ್ಣ ನೋಡಿ ತಾನೇ ಬೇರೆ ಮಾಡುವ ಮಿಷನ್ನು ಬಂತು, ಇಪ್ಪತ್ತಾರು ಹೆಂಗಸರನ್ನು ಒಂದೇ ದಿನ ಮನೆಗೆ ಕಳಿಸಿದರು. ಮಿಷನ್ನು ಬಿಟ್ಟ ಕಪ್ಪು ಬೀಜವನ್ನು ನಾನು ಈಗಲೂ ತೆಗೆದು ತೋರಿಸುತ್ತೇನೆ ಎಂದು ಅವಳು ಹೇಳುತ್ತಾಳೆ. ಅದು ಜಂಬವಲ್ಲ. ನಮ್ಮ ಮನೆಗೆ ಬಂದಾಗ ಚಟ್ನಿಗೆಂದು ತಂದಿದ್ದ ಕಾಲು ಕೇಜಿ ಬೀಜದಲ್ಲಿ ಒಂಬತ್ತು ಕಪ್ಪು ತೆಗೆದಿಟ್ಟಳು.

ಮನೆಯಲ್ಲಿ ಕುಳಿತ ಮೇಲೆ ಅವಳು ನಂದೀಶ್ವರಯ್ಯ ಮೇಷ್ಟ್ರ ತರಗತಿಗೆ ಸೇರಿದಳು. ಮೇಷ್ಟ್ರು ಕೊರಟಗೆರೆಯವರು. ನಿವೃತ್ತಿಯಾದ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುತ್ತಾ ಸೋಮವಾರ ಮಧುಗಿರಿ, ಬುಧವಾರ ಶಿರಾ, ಶುಕ್ರವಾರ ಪಾವಗಡ ಎಂದು ಬಸ್ಸು ಹತ್ತುತ್ತಿದ್ದರು. ನಾನು ಸೋಮವಾರದವಳು, ಅವಳು ಬುಧವಾರದವಳು. ಕೂಡುವ ಲೆಕ್ಕ ಕೈಗೆ ಹತ್ತಲಿ ಎಂದು ಅವರು ನಮಗೆಲ್ಲ ಒಂದು ಆಟ ಕೊಟ್ಟರು.

ಆಟ ಇಷ್ಟೇ. ಒಂದು ಸಂಖ್ಯೆ ಬರೆಯಬೇಕು. ಅದರ ಅಂಕಿಗಳನ್ನು ಕೂಡಿ ಅದಕ್ಕೇ ಸೇರಿಸಬೇಕು. ಬಂದದ್ದನ್ನು ಕೆಳಗಿನ ಸಾಲಿನಲ್ಲಿ ಬರೆದು ಮತ್ತೆ ಹಾಗೇ ಮಾಡಬೇಕು. ಫಕ್ರು ಮೊದಲ ದಿನ 7ರಿಂದ ಹೊರಟಳು. 7ಕ್ಕೆ 7 ಸೇರಿ 14. ಒಂದೂ ನಾಲ್ಕೂ ಐದು, 14ಕ್ಕೆ ಐದು ಸೇರಿ 19. ಆಮೇಲೆ 29, 40, 44, 52, 59, 73, 83, 94, 107. ನಾನು ಮಧುಗಿರಿಯಲ್ಲಿ 1ರಿಂದ ಹೊರಟಿದ್ದೆ. 1, 2, 4, 8, 16, 23, 28 ಎಂದು ಹೋಗಿ 103ಕ್ಕೆ ಬಂದೆ, ಅಲ್ಲಿಂದ 107. ಅವಳ ಸಾಲೂ ನನ್ನ ಸಾಲೂ 107ರಲ್ಲಿ ಒಂದಾದವು. ಒಂದಾದ ಮೇಲೆ ಬೇರೆಯಾಗಲು ದಾರಿಯೇ ಇಲ್ಲ, ಯಾಕೆಂದರೆ 107ರ ಮುಂದೆ ಯಾರು ಬರೆದರೂ 115, ಅದರ ಮುಂದೆ ಯಾರು ಬರೆದರೂ 122. ಇದಕ್ಕೆ ನಾವು ಸಾಲು ಕೂಡಿತು ಎನ್ನುತ್ತೇವೆ. ಎಲ್ಲ ಸಾಲುಗಳೂ ಕೊನೆಗೆ ಕೂಡುತ್ತವೆಯೇ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ನಂಗೊತ್ತಿಲ್ಲ ಕಣಮ್ಮ, ಬರೆದು ನೋಡಾಣ" ಎಂದರು. ತರಗತಿ ಮುಗಿದು ಹೋಯಿತು, ಬರೆದು ನೋಡುವುದು ಮುಗಿಯಲಿಲ್ಲ. ನಾಲ್ಕು ತಾಲ್ಲೂಕಿನಿಂದ ಒಂಬತ್ತು ಜನ ಉಳಿದುಕೊಂಡೆವು.

ಕೆಲವು ಸಂಖ್ಯೆಗಳಿಗೆ ಬೇರೆ ಯಾವ ಸಂಖ್ಯೆಯಿಂದಲೂ ಬರಲಾಗುವುದಿಲ್ಲ. 20 ಅಂಥದ್ದು, 31 ಅಂಥದ್ದು. ಅವಕ್ಕೆ ತವರಿಲ್ಲದ ಸಂಖ್ಯೆ ಎಂದು ಹೆಸರಿಟ್ಟವಳು ಫಕ್ರು. ಸಾಲು ಹೊರಡುವುದು ಅಂಥವುಗಳಿಂದಲೇ. ಒಬ್ಬೊಬ್ಬರು ಒಂದೊಂದು ಹಿಡಿದು ಬರೆಯುತ್ತಾರೆ, ತಿಂಗಳಿಗೊಮ್ಮೆ ನನಗೆ ಪುಟ ತಲುಪಿಸುತ್ತಾರೆ. ಎರಡು ಸಾಲು ಎಲ್ಲಿ ಕೂಡಿದವು ಎಂದು ನಾನು ಹುಡುಕಿ ದೊಡ್ಡ ಪುಸ್ತಕದಲ್ಲಿ ಗುರುತು ಹಾಕುತ್ತೇನೆ.

ಇನ್ನೊಂದು ಕಟ್ಟಳೆ ಉಂಟು, ಎಲ್ಲ ಅನಾಹುತಕ್ಕೂ ಅದನ್ನೇ ಕಾರಣ ಮಾಡಿದರು. ಎರಡು ಸಾಲು ಕೂಡಿದ ಹಾಗೆ ನನಗೆ ಕಂಡರೆ, ಇಬ್ಬರಿಗೂ ಎಲ್ಲಿ ಎಂದು ಹೇಳದೆ, "ಇನ್ನೂ ಐನೂರು ಬರೀರಿ" ಎಂದು ಹೇಳಿ ಕಳಿಸುತ್ತೇನೆ. ಇವು ಸಾಕ್ಷಿ ಸಾಲು. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕುಳಿತು ಬರೆದ ಐನೂರೂ ಒಂದೇ ಆಗಿದ್ದರೆ ಮಾತ್ರ ಕೂಡಿದ್ದು ನಿಜ. ಹೀಗೇಕೆ ಎಂದರೆ, ಕೂಡುವಾಗ ತಪ್ಪಿದರೆ ಹಿಡಿಯುವುದು ಸುಲಭ. ಆದರೆ ಇಳಿಸಿ ಬರೆಯುವಾಗ ಎರಡು ಅಂಕಿ ಅದಲು ಬದಲಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ತಪ್ಪು ಒಳಗೇ ಕುಳಿತಿರುತ್ತದೆ. ಇನ್ನೊಬ್ಬರ ಸಾಲು ಪಕ್ಕದಲ್ಲಿದ್ದರೆ ಮಾತ್ರ ಕಾಣುತ್ತದೆ.

ಈಗ ಆ ಪುಟಗಳ ವಿಷಯ. ಹೋದ ವರ್ಷ ಫಕ್ರು ಹಿಡಿದದ್ದು 39,805. ಪಾವಗಡ ತಾಲ್ಲೂಕು ರಾಯಚರ್ಲಿನ ರಂಗೇಶ್ ಹಿಡಿದದ್ದು 39,829. ರಂಗೇಶ್ ಪಿಯುಸಿ ಓದಿದವನು, ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುತ್ತಾನೆ, ಎರಡು ಮಕ್ಕಳ ತಂದೆ. ಫಕ್ರುವಿನ ಸಾಲು ಹದಿನಾಲ್ಕನೆಯದರಲ್ಲಿ 40,091ಕ್ಕೆ ಬಂದು, ಹದಿನೈದನೆಯದರಲ್ಲಿ 40,105. ರಂಗೇಶನದು ಹದಿನಾರನೆಯದರಲ್ಲಿ 40,100, ಹದಿನೇಳನೆಯದರಲ್ಲಿ 40,105. ಅಲ್ಲಿ ಕೂಡಿದವು. ಸಾಕ್ಷಿ ಸಾಲು ಬರೆಯಲು ಹೇಳಿದೆ. ಫಕ್ರು ಒಂದು ತಿಂಗಳಲ್ಲಿ ಮುಗಿಸಿ ಕಳಿಸಿದಳು, ಒಂದೂ ತಪ್ಪಿರಲಿಲ್ಲ. ರಂಗೇಶ್ 40,205 ಎಂದು ಬರೆಯಬೇಕಾದ ಕಡೆ 40,250 ಎಂದು ಬರೆದು, ಅಲ್ಲಿಂದ ಮೂರು ಪುಟ ತಪ್ಪು ದಾರಿಯಲ್ಲಿ ಹೋಗಿದ್ದ. ನಾನು ಫೋನು ಮಾಡಿ, ಏಳನೇ ಸಾಕ್ಷಿಯ ಹತ್ತಿರ ಏನೋ ಆಗಿದೆ, ಅಲ್ಲಿಂದ ಮತ್ತೆ ಮಾಡು ಎಂದೆ. "ಅಯ್ಯೋ ದೇವುಡಾ" ಎಂದು ಮತ್ತೆ ಮಾಡಿದ. ಎರಡನೆಯ ಸಲ ಎರಡೂ ಸರಿಹೋದವು. ನಕಲು ಮಾಡಿದವಳಾಗಿದ್ದರೆ ಅವನ ತಪ್ಪೂ ಅವಳ ಪುಟದಲ್ಲಿ ಇರಬೇಕಿತ್ತಲ್ಲ? ಇಷ್ಟು ಯೋಚನೆ ಮಾಡಲು ಯಾವ ಡಿಗ್ರಿಯೂ ಬೇಡ.

ನಮ್ಮ ಕೆಲಸದ ಸುದ್ದಿ ತಿಳಿದು ಗಣಿತ ಪ್ರಿಯರ ವೇದಿಕೆ ಎಂಬವರು ಪುಸ್ತಕ ಮಾಡುತ್ತೇವೆ ಎಂದು ಬಂದರು. ಅದರ ಕಾರ್ಯದರ್ಶಿ ಮೋಹನ್ ಕುಮಾರ್, ಕಾಲೇಜಿನಲ್ಲಿ ಪಾಠ ಹೇಳುವವರು. ಹೊಗಳಿದರು, ಫೋಟೋ ತೆಗೆದರು, ಪುಟಗಳನ್ನೆಲ್ಲ ತೆಗೆದುಕೊಂಡು ಹೋದರು. ರಂಗೇಶ್ ತನ್ನದನ್ನು ತಾನೇ ಮೊಬೈಲಿನಿಂದ ಕಳಿಸಿದ್ದ. ಫಕ್ರುವಿನದನ್ನು ಅವರ ಕಚೇರಿಯಲ್ಲಿ ಟೈಪು ಮಾಡಿಸಿದರು, ಅದಕ್ಕೆ ಎರಡು ವಾರ ತಡವಾಯಿತು. ಆಮೇಲೆ ಎಲ್ಲವನ್ನೂ ಕಾಪಿ ಹಿಡಿಯುವ ಕಂಪ್ಯೂಟರಿಗೆ ಹಾಕಿದರು. ಅದು ಫಕ್ರು, ರಂಗೇಶ್ ಇಬ್ಬರ ಈ ಸಾಲುಗಳು ನೂರಕ್ಕೆ ತೊಂಬತ್ತೇಳು ಭಾಗ ಒಂದೇ ಎಂದಿತು. ಯಾರದು ತಡವಾಗಿ ಬಂತೋ ಅವರೇ ಕಳ್ಳರು ಎಂದು ತೀರ್ಮಾನ ಮಾಡಿ ಅಚ್ಚು ಹಾಕಿಸಿಬಿಟ್ಟರು. ಅವಳನ್ನು ಕೇಳಲಿಲ್ಲ. ನನ್ನನ್ನು ಕೇಳಲಿಲ್ಲ. ನಂದೀಶ್ವರಯ್ಯ ಮೇಷ್ಟ್ರನ್ನು ಕೇಳಿದರಂತೆ, ಅವರು "ನೀವು ನೋಡಿ ಏನು ಮಾಡ್ತೀರೋ" ಎಂದರಂತೆ. ಆ ಮಾತಿಗೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ಪುಸ್ತಕದಲ್ಲಿ ಹೆಸರು ಇಲ್ಲದಿದ್ದರೆ ಫಕ್ರುವಿಗೆ ಏನೂ ನಷ್ಟವಿರಲಿಲ್ಲ. ಆದರೆ ಮಸೀದಿ ಹಿಂದಿನ ಅವಳ ಗಲ್ಲಿಯಲ್ಲಿ ಆರು ಹುಡುಗಿಯರು ಸಂಜೆ ಅವಳ ಮನೆಗೆ ಲೆಕ್ಕ ಕಲಿಯಲು ಬರುತ್ತಿದ್ದರು. ಮಗ್ಗಿ, ಕೂಡುವುದು, ಕಳೆಯುವುದು, ಆಮೇಲೆ ಈ ಸಾಲು. ಮಿಲ್ಲಿನಿಂದ ಕಳಿಸಿದ ಮೇಲೆ ಅವಳು ದಿನವಿಡೀ ಕಾಯುತ್ತಿದ್ದದ್ದು ಆ ಒಂದು ಗಂಟೆಗೆ. ಪುಸ್ತಕದ ಆ ಪುಟವನ್ನು ಯಾರೋ ಫೋಟೋ ತೆಗೆದು ಗಲ್ಲಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮರುದಿನ ಇಬ್ಬರು ಬಂದರು. ಅದರ ಮರುದಿನ ಯಾರೂ ಬರಲಿಲ್ಲ.

ನಾನು ಹೋದಾಗ ಅವಳು ಹದಿನೇಳು ನೋಟ್‌ಬುಕ್ಕನ್ನೂ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸುತ್ತಿದ್ದಳು. ನಸ್ರುಲ್ಲಾ ಅವರು ಏಣಿಯ ಮೇಲಿದ್ದರು.

"ಏನೇ ಫಕ್ರು ಇದು?"

"ಕದ್ದ ಮಾಲು ಅಕ್ಕಾ. ಮನೇಲಿ ಇಟ್ಕೋಬಾರ್ದಲ್ಲ."

"ಹಲ್ಲು ಉದುರ್ಸ್ತೀನಿ ನೋಡು. ಇಳಿಸ್ರೀ ಅದನ್ನ."

ನಸ್ರುಲ್ಲಾ ಅವರು ಮೇಲಿಂದಲೇ, "ನಾನೂ ಅದೇ ಅಂದೆ ಅಕ್ಕಾ. ಏಣಿ ಹತ್ತು ಅಂತಾಳೆ, ಹತ್ತಿದೆ. ಇಳೀ ಅಂತೀರಿ ನೀವು, ಇಳೀತೀನಿ. ನನ್ನ ಮಾತು ಯಾರ್ ಕೇಳ್ತಾರೆ?" ಎಂದು ಗಂಟನ್ನು ಹೆಗಲ ಮೇಲೆ ಇಟ್ಟುಕೊಂಡೇ ಇಳಿದರು.

ಫಕ್ರು ಅಳಲಿಲ್ಲ. "ಮೂವತ್ತೊಂದು ವರ್ಷ ಮಿಲ್ಲಲ್ಲಿ ಇದ್ದೆ, ಒಂದು ಬೀಜ ಸೆರಗಲ್ಲಿ ಕಟ್ಕೊಂಡು ಬಂದೋಳಲ್ಲ. ಗೇಟಲ್ಲಿ ಎಲ್ರನ್ನೂ ತಡೀತಿದ್ರು, ನನ್ನ ತಡೀತಿರ್ಲಿಲ್ಲ. ಈಗ ಆ ಹುಡುಗೀರ ಅಮ್ಮಂದಿರು ಬಾಗ್ಲಲ್ಲಿ ನನ್ನ ಕಂಡ್ರೆ ಒಳಗೆ ಹೋಗ್ತಾರೆ" ಎಂದಳು. ಆಮೇಲೆ ಗಂಟು ಬಿಚ್ಚಿ ಮೊದಲ ನೋಟ್‌ಬುಕ್ಕು ತೆಗೆದು, "ನಡೀರಿ, ಆ ಸಾಹೇಬ್ರನ್ನ ನೋಡಾಣ" ಎಂದಳು.

ಮೋಹನ್ ಕುಮಾರ್ ಅವರ ಕಚೇರಿ ಮಧುಗಿರಿಯಲ್ಲೇ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಫಕ್ರು ಚಹಾ ಮುಟ್ಟಲಿಲ್ಲ. ನಾನು ರಂಗೇಶ್ ತಪ್ಪು ಮಾಡಿದ್ದ ಮೂರು ಪುಟ ಮುಂದಿಟ್ಟು, ಇವಳ ಪುಟದಲ್ಲಿ ಆ ತಪ್ಪಿಲ್ಲ ನೋಡಿ ಎಂದೆ. ಅವರು ನೋಡಲಿಲ್ಲ.

"ಆಮೇಲೆ ತಿದ್ದಿಕೊಂಡಿರಬಹುದಲ್ಲ ಅಮ್ಮಾ. ನಾನು ಹೇಳ್ತಾ ಇಲ್ಲ, ಕಂಪ್ಯೂಟರ್ ಹೇಳ್ತಾ ಇದೆ. ನೂರಕ್ಕೆ ತೊಂಬತ್ತೇಳು ಒಂದೇ."

"ಉಳಿದ ಮೂರು ಏನು ಸಾರ್?" ಎಂದಳು ಫಕ್ರು.

"ಅದು ಮುಖ್ಯ ಅಲ್ಲ."

"ಅದೇ ಮುಖ್ಯ ಸಾರ್. ನಾನು ಬರೆದಿದ್ದು ಐನೂರ ಹದಿನೈದು ಸಾಲು. ಮೊದಲ ಹದಿನಾಲ್ಕು ನನ್ನವು. ರಂಗೇಶಂದು ಮೊದಲ ಹದಿನಾರು ಅವನ್ದು. ಆಮೇಲಿಂದು ನಂದೂ ಅಲ್ಲ, ಅವನ್ದೂ ಅಲ್ಲ, ಲೆಕ್ಕದ್ದು. ಅದು ಒಂದೇ ಇರ್ಬೇಕು. ಒಂದೇ ಇಲ್ದಿದ್ರೆ ತಪ್ಪು."

"ಮೂರನೇ ಕ್ಲಾಸು ಓದಿದವರು ಐದಂಕಿ ಲೆಕ್ಕ ಐನೂರು ಸಾಲು ಒಂದೂ ತಪ್ಪಿಲ್ಲದೆ ಬರೆದಿದ್ದಾರೆ ಅಂದ್ರೆ ಕಮಿಟಿಯಲ್ಲಿ ಯಾರು ನಂಬ್ತಾರೆ, ನೀವೇ ಹೇಳಿ."

"ತಪ್ಪಿಲ್ದೆ ಇರೋದೇ ನನ್ನ ತಪ್ಪಾ?"

ಅವರು ಗಡಿಯಾರ ನೋಡಿದರು. ಫಕ್ರು ಕೇಳಿದಳು: "ನಿಮ್ಮ ವಯಸ್ಸೆಷ್ಟು ಸಾರ್?"

"ಯಾಕೆ?"

"ಹೇಳಿ ಸಾರ್, ಹೆಣ್ಣು ತೋರ್ಸಕ್ಕಲ್ಲ."

"ಐವತ್ತಮೂರು."

"ಆ ಕಾಗದದ ಮೇಲೆ ಬರೀರಿ. ಅದರ ಅಂಕಿ ಕೂಡಿ ಅದಕ್ಕೇ ಸೇರಿಸ್ತಾ ಹೋಗಿ. ಹತ್ತು ಹದಿನೈದು ಸಾಲು ಸಾಕು."

ಅವರು ನಗುತ್ತಾ ಬರೆದರು. 53, 61, 68, 82, 92. ಅದರ ಮುಂದೆ 102 ಎಂದು ಬರೆದರು.

"ಒಂಬತ್ತೂ ಎರಡೂ ಹನ್ನೊಂದು ಸಾರ್."

102 ಹೊಡೆದು 103 ಮಾಡಿದರು. ಆಮೇಲೆ 107, 115, 122, 127, 137, 148, 161. ಫಕ್ರು ತನ್ನ ಮೊದಲ ನೋಟ್‌ಬುಕ್ಕಿನ ಮೊದಲ ಪುಟ, 7ರಿಂದ ಹೊರಟದ್ದು, ಆರು ವರ್ಷದ ಹಿಂದಿನ ತಾರೀಖು ಇರುವುದು, ಅದನ್ನು ತೆರೆದು ಅವರ ಕಾಗದದ ಪಕ್ಕಕ್ಕೆ ಇಟ್ಟಳು.

"107ರಿಂದ ಓದಿ ಸಾರ್."

ಅವರು ಓದಿದರು. 107, 115, 122, 127, 137, 148, 161.

"ನಂದು ಆರು ವರ್ಷದ ಹಿಂದಿಂದು. ನಿಮ್ದು ಈಗಿಂದು. ತಡವಾಗಿ ಬಂದಿದ್ದು ಯಾರ್ದು? ನನ್ನ ಪುಸ್ತಕ ಯಾವಾಗ ನೋಡಿದ್ರಿ ಸಾರ್ ನೀವು?"

ಅವರು ತಮ್ಮ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇದು ಚಿಕ್ಕ ಸಂಖ್ಯೆ. ಚಿಕ್ಕದರಲ್ಲಿ ಹಾಗೆ ಆಗುತ್ತೆ" ಎಂದರು.

"ಚಿಕ್ಕೋರಿಗೊಂದು ಲೆಕ್ಕ, ದೊಡ್ಡೋರಿಗೊಂದು ಲೆಕ್ಕ ಇಲ್ಲ ಸಾರ್."

ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲೇ ಕಂಡಿತು. ಅದಕ್ಕೇ ನನಗೆ ಇಷ್ಟು ಸಿಟ್ಟು. ಅರ್ಥವಾಗದೆ ಮಾಡಿದ್ದನ್ನು ಮನುಷ್ಯ ಅರ್ಥವಾದ ಮೇಲೆ ಸರಿ ಮಾಡುತ್ತಾನೆ. ಅವರು ಮಾಡಿದ್ದು ಏನೆಂದರೆ, ಪುಸ್ತಕದೊಳಗೆ ಇಡಲು ಒಂದು ಚೀಟಿ ಅಚ್ಚು ಹಾಕಿಸಿದರು: "ತಾಂತ್ರಿಕ ಕಾರಣದಿಂದ ಕೈಬಿಟ್ಟಿರುವ ಕೆಲವು ಪುಟಗಳನ್ನು ಮುಂದಿನ ಮುದ್ರಣದಲ್ಲಿ ಸೇರಿಸಲಾಗುವುದು." ಫಕ್ರುನ್ನೀಸಾ ಎಂಬ ಹೆಸರಿಲ್ಲ. ನಕಲಲ್ಲ ಎಂಬ ಮಾತಿಲ್ಲ. ನಕಲು ಎಂದು ಬರೆಯುವಾಗ ಹೆಸರು, ಊರು ಎಲ್ಲವೂ ನೆನಪಿತ್ತು. ಇನ್ನೂರು ಪುಸ್ತಕ ಆಗಲೇ ಹಂಚಿ ಆಗಿತ್ತು, ಚೀಟಿ ಉಳಿದ ಐವತ್ತಕ್ಕೆ ಮಾತ್ರ.

ಫಕ್ರು ಫೋನಿನಲ್ಲಿ ಅವರಿಗೆ ಒಂದೇ ಒಂದು ಮಾತು ಕೇಳಿದಳು. ನಮ್ಮ ಗಲ್ಲಿಗೆ ಬಂದು, ಆ ಆರು ಮನೆಯವರ ಮುಂದೆ, ಈಕೆ ಕದ್ದಿಲ್ಲ ಎಂದು ಹೇಳಿ ಹೋಗಿ, ಪುಸ್ತಕದಲ್ಲಿ ನನ್ನ ಪುಟ ಬೇಡ ಎಂದಳು. ಅದಕ್ಕೆ ಅವರು, ಶಿರಾಕ್ಕೆ ಬರಲು ಪುರುಸೊತ್ತಿಲ್ಲ, ವಾಟ್ಸಾಪಿನಲ್ಲಿ ಹಾಕುತ್ತೇನೆ ಎಂದರು. ಹಾಕಲಿಲ್ಲ.

ರಂಗೇಶನಿಗೆ ಇದೆಲ್ಲ ತಡವಾಗಿ ತಿಳಿಯಿತು. ಫೋನಿನಲ್ಲಿ ಅವನು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. "ಲೇದಮ್ಮಾ! ಆಯಮ್ಮ ನಂದು ನೋಡಿ ಬರೆದ್ಲಾ? ಆಯಮ್ಮಂದು ಸರಿ ಇದ್ದಿದ್ದಕ್ಕೇ ಕದಮ್ಮಾ ನನ್ನ ತಪ್ಪು ಸಿಕ್ಕಿದ್ದು! ಆದಿವಾರ ರಜ ಹಾಕ್ತೀನಿ, ನಡೀರಿ."

ಆ ಭಾನುವಾರ ನಾವಿಬ್ಬರೂ ಶಿರಾಕ್ಕೆ ಹೋದೆವು. ಅವನೂ ಫಕ್ರುವೂ ಮುಖಾಮುಖಿ ನೋಡಿದ್ದು ಅದೇ ಮೊದಲು. ಫಕ್ರುವಿನ ಮನೆ ಮುಂದೆ ನಿಂತು ಅವನು ಗಲ್ಲಿಗೆಲ್ಲ ಕೇಳುವ ಹಾಗೆ, "ಅಮ್ಮಾ, ಕಳವಾಗಿದ್ದು ನಂದು ಅಂತಾರಲ್ಲ, ಆ ರಂಗೇಶ್ ನಾನೇ. ನಂದೇನೂ ಕಳವಾಗಿಲ್ಲ. ಕೇಳೋರು ಕೇಳ್ರಿ" ಎಂದ. ಮೊದಲು ನಗು. ಆಮೇಲೆ ಬಾಗಿಲುಗಳಿಂದ ಹೆಂಗಸರು ಈಚೆ ಬಂದರು. ಎದುರು ಮನೆಯ ಶೀಬಾ, ಆರು ಹುಡುಗಿಯರಲ್ಲಿ ಒಬ್ಬಳಾದ ಜೈಬಾಳ ತಾಯಿ, ಸೊಂಟದ ಮೇಲೆ ಕೈ ಇಟ್ಟು ಕೇಳಿದಳು: "ಮತ್ತೆ ಪುಸ್ತಕದಲ್ಲಿ ಯಾಕೆ ಹಂಗೆ ಹಾಕವ್ರೆ ಭಾಯ್? ಓದಿದೋರು ಸುಮ್ನೆ ಹಾಕ್ತಾರಾ?"

"ಓದಿದೋರು ಕೂಡಿ ನೋಡ್ಲಿಲ್ಲಮ್ಮಾ, ಹಾಕ್ಬುಟ್ರು."

ಅವನು ತನ್ನ ನೋಟ್‌ಬುಕ್ಕು ತೆಗೆದ, ಫಕ್ರು ತನ್ನದು ತಂದಳು. ಕಟ್ಟೆಯ ಮೇಲೆ ಎರಡನ್ನೂ ಇಟ್ಟೆವು. ಅವನು ತನ್ನ 40,250 ತೋರಿಸಿ, "ಇಲ್ಲಿ ನಾನು ಬಿದ್ದೆ. ಆಯಮ್ಮ ಬೀಳ್ಲಿಲ್ಲ. ನೋಡಿ ಬರೆದಿದ್ರೆ ಆಯಮ್ಮನೂ ಬೀಳ್ಬೇಕಿತ್ತಾ ಇಲ್ವಾ?" ಎಂದ. ಶೀಬಾ ಎರಡು ಪುಟವನ್ನೂ ಬಹಳ ಹೊತ್ತು ನೋಡಿದಳು. ಅವಳಿಗೆ ಅಂಕಿ ಓದಲು ಬರುತ್ತದೆ. ನಾಲ್ಕು ಸಾಲು ತಾನೇ ಬೆರಳಿನಲ್ಲಿ ಎಣಿಸಿ ಕೂಡಿದಳು, ಸರಿಬಂತು. ಆಮೇಲೆ ಪುಟದಿಂದ ತಲೆ ಎತ್ತದೆ, "ಖಾಲಾ, ನಾವು ಬಂದು ಕೇಳ್ಬೇಕಿತ್ತು" ಎಂದಳು.

"ಕೇಳ್ಬೇಕಿತ್ತು" ಎಂದಳು ಫಕ್ರು. ಪರವಾಗಿಲ್ಲ ಎನ್ನಲಿಲ್ಲ. ಅನ್ನಬಾರದು ಕೂಡ.

ಮಂಗಳವಾರದಿಂದ ಜೈಬಾ ಬರತೊಡಗಿದಳು, ಜೊತೆಗೆ ಇನ್ನೂ ಮೂವರು. ಫಕ್ರು 39,893 ಎಂಬ ಹೊಸ ಸಂಖ್ಯೆ ಹಿಡಿಯಲೇ ಎಂದು ನನಗೆ ಫೋನು ಮಾಡಿದಳು, ಅದಕ್ಕೆ ತವರು ಇದೆಯೋ ಇಲ್ಲವೋ ಆ ನಾಲ್ವರು ಹುಡುಗಿಯರ ಕೈಯಲ್ಲೇ ನೋಡಿಸು ಎಂದೆ. ಉಳಿದ ಇಬ್ಬರು ಇನ್ನೂ ಬಂದಿಲ್ಲ. ಆ ಭಾನುವಾರ ಅವರ ಮನೆಯವರು ಬಾಗಿಲು ತೆರೆದಿರಲಿಲ್ಲ. ಆಮೇಲೆ ನಾನೇ ಎರಡು ಸಲ ಹೋದೆ. ಎರಡೂ ಮನೆಯಲ್ಲಿ ಒಂದೇ ಮಾತು: "ನೀವು ಅವರ ಕಡೆಯವ್ರು, ಹಂಗೇ ಹೇಳ್ತೀರಿ. ಪುಸ್ತಕದಲ್ಲಿ ಅಚ್ಚಾಗಿದೆಯಲ್ಲ."

ಅಚ್ಚಾಗಿದೆ, ನಿಜ. ಅಚ್ಚು ಹಾಕಿಸಿದ್ದು ನಾವಲ್ಲ. ಮೋಹನ್ ಕುಮಾರ್ ಅವರಿಗೆ ಆ ಎರಡು ಮನೆಯ ವಿಳಾಸವನ್ನು ಎರಡು ಸಲ ಬರೆದು ಕಳಿಸಿದ್ದೇನೆ. ಮಧುಗಿರಿಯಿಂದ ಶಿರಾಕ್ಕೆ ದಿನವಿಡೀ ಬಸ್ಸಿದೆ. ಅವರು ಹೋಗಬೇಕು, ಬಾಗಿಲು ತಟ್ಟಬೇಕು, ತಾವು ಬರೆದದ್ದು ಸುಳ್ಳು ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅವರು ಹೋಗುವವರೆಗೆ ನಾನು ವಿಳಾಸ ಕಳಿಸುತ್ತಲೇ ಇರುತ್ತೇನೆ.